ಅತ್ತೆಯ ಚಪಾತಿ, ನನ್ನ ಯೀಸ್ಟ್

ಠಣ್ಣೆಂದು ಮುಚ್ಚಳ ಬಿದ್ದ ಸದ್ದಿಗೆ ಅಡುಗೆಮನೆಗೆ ಓಡಿದೆ. ಚಪಾತಿ ಹಿಟ್ಟು ಪಾತ್ರೆಯಿಂದ ಉಕ್ಕಿ ಕಟ್ಟೆಯ ಮೇಲೆ ಇಳಿಯುತ್ತಿತ್ತು. ಉಡುಪಿಯವರಾದ ನನ್ನ ಅತ್ತೆ ಸೊಂಟಕ್ಕೆ ಕೈಯಿಟ್ಟು ಅದನ್ನೇ ನೋಡುತ್ತಿದ್ದರು.

"ಯಾವ ನೀರು ಹಾಕಿ ಕಲಸಿದ್ರಿ ಅತ್ತೆ?"

"ಫ್ರಿಜ್ಜಲ್ಲಿ ಪನೀರಿನ ನೀರು ಇತ್ತಲ್ಲ ಮಾರಾಯ್ತಿ. ಚೆಲ್ಲುವುದು ಯಾಕೆ ಅಂತ ಅದನ್ನೇ ಹಾಕಿದೆ."

ಅದು ಬರೀ ನೀರಲ್ಲ, ನನ್ನ ಯೀಸ್ಟ್ ಬಾಟಲಿ. ಹಾಲು ಒಡೆದು ಪನೀರು ಮಾಡಿದ ಮೇಲೆ ಉಳಿಯುವ ನೀರಿನಲ್ಲಿ ಆಹಾರವಾಗಿ ಬಳಸುವ ಯೀಸ್ಟ್ ಬೆಳೆಸುವುದೇ ಅಂಬರನಾಥದ ಲ್ಯಾಬಿನಲ್ಲಿ ನನ್ನ ಕೆಲಸ. ಭಾನುವಾರ ಅಲ್ಲಿ ಕರೆಂಟ್ ಇರುವುದಿಲ್ಲವೆಂದು, ತಿಂಗಳುಗಟ್ಟಲೆ ಒದ್ದಾಡಿ ಬೆಳೆಸಿದ್ದ ಒಂದೇ ಒಂದು ಬಾಟಲಿಯನ್ನು ಡೊಂಬಿವಲಿಯ ಮನೆಗೆ ತಂದಿಟ್ಟಿದ್ದೆ. ಮುಂದಿನ ವಾರ ಅದನ್ನು ಡೈರಿಯವರಿಗೆ ತೋರಿಸಬೇಕಿತ್ತು.

ಬಾಲ್ಕನಿಗೆ ಹೋಗಿ ಲ್ಯಾಬಿನ ಸಾಹೇಬರಿಗೆ ಫೋನ್ ಮಾಡಿದೆ. ಅವರು ಅರ್ಧ ಗಂಟೆ ಮನಸಾರೆ ಬೈದು, ಕೊನೆಗೆ, ಯೀಸ್ಟ್ ಹಿಟ್ಟಿನಲ್ಲೂ ಬದುಕಿರುತ್ತದೆ, ಒಂದು ಉಂಡೆ ತಂದರೆ ಮತ್ತೆ ಬೆಳೆಸೋಣ ಎಂದರು. ಖುಷಿಯಿಂದ ಒಳಗೆ ಬಂದರೆ, ಅತ್ತೆ ಹಿಟ್ಟಿಗೆಲ್ಲ ಬಾಳೆಹಣ್ಣು, ಸಕ್ಕರೆ ಸೇರಿಸಿ, ಕೊನೆಯ ಬನ್ಸನ್ನು ಎಣ್ಣೆಯಿಂದ ಎತ್ತುತ್ತಿದ್ದರು.

"ಇಷ್ಟು ಚಂದ ಉಬ್ಬಿದ ಹಿಟ್ಟನ್ನು ಹಾಳು ಮಾಡ್ಲಿಕ್ಕುಂಟಾ?"

ಮುಚ್ಚಳಕ್ಕೆ ಅಂಟಿದ್ದಷ್ಟೇ ಉಳಿದಿತ್ತು. ಮರುದಿನ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಆ ಮುಚ್ಚಳವನ್ನು ಹಸುಗೂಸಿನಂತೆ ಎದೆಗವಚಿಕೊಂಡು ಹೋದೆ.

ಯೀಸ್ಟ್ ಬದುಕಿತು. ಲ್ಯಾಬಿನಲ್ಲಿ ಅದರ ಬಾಟಲಿಯ ಮೇಲೆ ಯಾರೋ ಮರಾಠಿಯಲ್ಲಿ 'ಸಾಸೂಬಾಯಿ', ಅಂದರೆ ಅತ್ತೆ, ಎಂದು ಬರೆದಿದ್ದಾರೆ. ನಮ್ಮ ಅತ್ತೆ ಮಾತ್ರ ಈಗಲೂ ಚಪಾತಿ ಕಲಸುವ ಮೊದಲು ಫ್ರಿಜ್ಜು ತೆರೆದು ನೋಡಿ, ಬಾಟಲಿ ಇಲ್ಲವೆಂದು ಮುಖ ಸಣ್ಣ ಮಾಡುತ್ತಾರೆ.