ನಲ್ಲಿಕಟ್ಟೆಯ ಇಂಗ್ಲಿಷು

ಮೊನ್ನೆ ಭಾನುವಾರ ನನ್ನ ಮಗಳು ಫೋನು ಹಿಡಿದು ಮುಖ ಗಂಟಿಕ್ಕಿಕೊಂಡು ಕೂತಿದ್ದಳು. ಯಾವುದೋ ಶಬ್ದದ ಆಟ. ಪರದೆಯ ಮೇಲೆ ಐದು ಖಾಲಿ ಮನೆಗಳು. ಐದಕ್ಷರದ ಇಂಗ್ಲಿಷ್ ಶಬ್ದ ಬೇಕು, ಅದರಲ್ಲಿ ಡಬ್ಲ್ಯೂ ಮತ್ತು ಟಿ ಇರಲೇಬೇಕು. ಯೋಚಿಸದೆಯೇ "ವಾಟರ್" ಎಂದೆ. "ಅದನ್ನ ಹಾಕಿ ನೋಡೀನಿ ಮಮ್ಮಿ, ತಪ್ಪಂತ" ಎಂದಳು. ನನಗೆ ನಗು ಬಂತು. ಡಬ್ಲ್ಯೂ ಎಂದೊಡನೆ ನನಗೆ ನೀರೇ ಏಕೆ ನೆನಪಾಗಬೇಕು? ಅದಕ್ಕೊಂದು ಕಾರಣವಿದೆ, ಕೇಳಿ.

ಎಂಬತ್ತರ ದಶಕದ ಕೊನೆಯಲ್ಲಿ ನಾವು ಗೋವಾದಲ್ಲಿ, ವಾಸ್ಕೋ ಪಕ್ಕದ ಸಡಾದಲ್ಲಿದ್ದೆವು. ಬಾಗಿಲಲ್ಲಿ ನಿಂತರೆ ಗುಡ್ಡದ ಕೆಳಗೆ ಬಂದರಿನ ಧಕ್ಕೆ, ಅದಿರು ತುಂಬಿಕೊಳ್ಳುವ ಹಡಗು, ಅದರಾಚೆ ಕಣ್ಣು ಹಾಯುವಷ್ಟೂ ನೀರು. ಕುಡಿಯುವುದಕ್ಕೆ ಮಾತ್ರ ನಮ್ಮ ಮನೆಗಳ ಸಾಲಿಗೆಲ್ಲ ಒಂದೇ ನಲ್ಲಿ. ಬೆಳಗ್ಗೆ ಸ್ವಲ್ಪ ಹೊತ್ತು ಬೆರಳು ಗಾತ್ರ ಬಂದು ನಿಂತುಬಿಡುತ್ತಿತ್ತು. ಶಾಲೆಗೆ ಹೋಗುವವರು ಮೊದಲು ತುಂಬಿಕೊಳ್ಳಲಿ ಎಂದು ಹೆಂಗಸರು ಜಾಗ ಬಿಡುತ್ತಿದ್ದರು, ಪುಣ್ಯವಂತರು. ಆದರೆ ಹಾಗೆ ಹೋಗುವವರು ಇಬ್ಬರಿದ್ದೆವಲ್ಲ, ನಾನು ಮತ್ತು ಎದುರು ಮನೆಯ ಮುಮ್ತಾಜ್. ಎರಡನೆಯವಳಾದವಳಿಗೆ ವಾಸ್ಕೋದ ಬಸ್ಸು ತಪ್ಪುತ್ತಿತ್ತು. ಹಾಗಾಗಿ ದಿನಾ ಜಡೆ ಹಿಡಿದು ಜಗಳ.

ನಲ್ಲಿಯ ಪಕ್ಕದ ಮನೆ ಹುಸೇನಬಿ ಚಾಚಿಯದು. ಬಾಗಲಕೋಟೆ ಕಡೆಯವಳು, ಗಂಡ ಅದಿರಿನ ಟ್ರಕ್ಕಿನ ಡ್ರೈವರು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಒಂದು ದಿನ ನಮ್ಮಿಬ್ಬರ ಕೊಡಗಳನ್ನೂ ಕಸಿದುಕೊಂಡು ಕಟ್ಟೆಯ ಮೇಲೆ ಕೂತಳು.

"ಇಂಗ್ಲಿಷ್ ಸಾಲಿಗೆ ಹೋಗತೀರಿ, ನಳದ ಮುಂದ ಕೋಳಿ ಹಂಗ ಕಾದಾಡತೀರಿ. ನಾಳಿಂದ ಇಂಗ್ಲಿಷಿನ್ಯಾಗ ಕಾದಾಡ್ರಿ."

ಅವಳ ಕಾನೂನು ಹೀಗಿತ್ತು. ಸಂಜೆ ಯಾವುದಾದರೂ ಡಬ್ಬಿಯ ಮೇಲೆ ಕಂಡ ಒಂದು ಅಕ್ಷರವನ್ನು ಕೋಲಿನಿಂದ ಮಣ್ಣಿನಲ್ಲಿ ಗೀಚಿ, ಅದು ಬರುವ ಶಬ್ದದಲ್ಲಿ ಒಟ್ಟು ಎಷ್ಟು ಅಕ್ಷರ ಇರಬೇಕೆಂದು ಹೇಳುವಳು. ಬೆಳಗ್ಗೆ ಮೊದಲು ಶಬ್ದ ತಂದವಳಿಗೆ ಮೊದಲ ಕೊಡ. ಆದರೆ ಆ ಶಬ್ದ ಸಡಾದಲ್ಲಿ ಎಲ್ಲಾದರೂ ಬರೆದಿರಬೇಕು, ತೋರಿಸಬೇಕು.

"ಪುಸ್ತಕದಾಗಿಂದು ಬ್ಯಾಡ. ನನ್ನ ಕಣ್ಣಿಗೆ ಕಾಣಬೇಕು. ಇಲ್ಲಂದ್ರ ನೀವು ಹೇಳಿದ್ದು ಖರೇನೋ ಸುಳ್ಳೋ ನನಗ ಹೆಂಗ ತಿಳೀತದ?"

ಅಂದಿನಿಂದ ಸಿಮೆಂಟಿನ ಚೀಲ, ಬಿಸ್ಕತ್ತಿನ ಡಬ್ಬಿ, ಟ್ರಕ್ಕಿನ ಬೆನ್ನು, ಯಾವುದನ್ನೂ ನಾವು ಬಿಡಲಿಲ್ಲ. ಒಣಗಲು ಹಾಕಿದ ಅಂಗಿಗಳ ಕಾಲರು ಮಗುಚಿ ನೋಡಿ ನೆರೆಮನೆಯ ಕಾಕುವೊಬ್ಬಳಿಂದ ಕಳ್ಳಿ ಎನ್ನಿಸಿಕೊಂಡೆ. ನನ್ನ ಇಂಗ್ಲಿಷಿನ ಬಂಡವಾಳವೆಲ್ಲ ಹೀಗೆ ಬೀದಿಯಲ್ಲಿ ಹೆಕ್ಕಿದ್ದು. ಮೇಡಂ ಕಲಿಸಿದ್ದು ಕಡಿಮೆಯೇ.

ನನ್ನ ಹತ್ತನೆಯ ತರಗತಿಯ ಪರೀಕ್ಷೆ ಬಂತು. ಆಗ ಅವ್ವ ಕಟ್ಟಡದ ಕೆಲಸದಲ್ಲಿ ಬಿದ್ದು ಕಾಲು ಮುರಿದುಕೊಂಡಿದ್ದಳು. ಅಪ್ಪನಿಗೆ ಬಂದರಿನಲ್ಲಿ ಮುಂಜಾನೆಯ ಪಾಳಿ. ನೀರು ತುಂಬದೆ ನಾನು ಹೊರಡುವಂತಿರಲಿಲ್ಲ. ಇಂಗ್ಲಿಷ್ ಪರೀಕ್ಷೆಯ ಹಿಂದಿನ ಸಂಜೆ ಚಾಚಿ ಡಬ್ಲ್ಯೂ ಗೀಚಿದಳು. ಆರು ಅಕ್ಷರ. ನಾನು ಅವಳ ಭುಜದ ಮೇಲಿಂದ ಧಕ್ಕೆಯ ಕಡೆ ನೋಡಿದೆ. ಅಲ್ಲಿ ನಿಂತಿದ್ದ ಹಡಗಿನ ಮೈಮೇಲೆ ಬಿಳಿಯ ಅಕ್ಷರಗಳಲ್ಲಿ ವಿಂಟರ್ ಎಂದು ಬರೆದಿತ್ತು! ಮೊದಲ ಕೊಡ ಕೈಗೆ ಬಂದ ಹಾಗೇ ಆಯಿತು.

"ನಾಳಿ ನಿನ್ನ ಪರೀಕ್ಷಾ ಅಲ್ಲೇನು? ಶಬ್ದ ಗಿಬ್ದ ಬ್ಯಾಡ. ನೀನ ಮೊದಲ ತುಂಬಕೋ" ಎಂದಳು ಚಾಚಿ.

"ಬ್ಯಾಡ್ರಿ ಚಾಚಿ. ಶಬ್ದ ತಂದ ತುಂಬತೇನಿ."

ಹಠವೆನ್ನಿ, ಸೊಕ್ಕೆನ್ನಿ, ಎರಡೂ ನನ್ನಲ್ಲಿ ಧಾರಾಳವಾಗಿದ್ದವು.

ಬೆಳಗ್ಗೆ ಕೊಡ ಇಟ್ಟು ಎದೆಯುಬ್ಬಿಸಿ ಹೇಳಿದೆ: "ಡಬ್ಲ್ಯೂ, ಐ, ಎನ್, ಟಿ, ಇ, ಆರ್. ವಿಂಟರ್. ಚಳಿಗಾಲ."

"ಗೋವಾದಾಗ ಚಳಿಗಾಲ ಎಲ್ಲೈತಿ ಬೇಟಿ? ತೋರಸು."

ತಿರುಗಿ ಕೈಚಾಚಿದೆ. ಧಕ್ಕೆ ಖಾಲಿ. ಅದಿರು ತುಂಬಿಕೊಂಡು ಹಡಗು ಹೊರಟುಹೋಗಿತ್ತು.

"ನಿನ್ನಿ ಇತ್ತರಿ!"

"ನಿನ್ನಿ ಇದ್ದದ್ದು ನಡಿಯಂಗಿಲ್ಲ. ಕಾನೂನು ನಿನಗೂ ಗೊತ್ತೈತಿ."

ಅಷ್ಟರಲ್ಲಿ ಮುಮ್ತಾಜ್ ಪೌಡರಿನ ಡಬ್ಬಿ ಹಿಡಿದು ಬಾಗಿಲು ದಾಟಿದಳು. ಅದರ ಮೇಲಿನ ಪೌಡರ್ ಎಂಬ ಶಬ್ದಕ್ಕೂ ಆರೇ ಅಕ್ಷರ, ನಡುವೆ ಡಬ್ಲ್ಯೂ. ಒಂಬತ್ತನೆಯ ತರಗತಿಯ ಅವಳಿಗೆ ಅಂದು ರಜೆ, ಆದರೂ ಸೋಲುವುದು ಅವಳ ಜಾಯಮಾನವಲ್ಲ. "ಪರೀಕ್ಷಾ ಐತೆಲ್ಲ, ಬಿಡ್ರಿ ಚಾಚಿ" ಎಂದರು ಹೆಂಗಸರು. ಚಾಚಿ ನನ್ನನ್ನೇ ನೋಡಿದಳು. ಹೂಂ ಅಂದಿದ್ದರೆ ಬಿಡುತ್ತಿದ್ದಳು. ಅವ್ವ ಗೋಡೆ ಹಿಡಿದುಕೊಂಡು ಬಾಗಿಲ ತನಕ ಬಂದು ನಿಂತಿದ್ದಳು. ನಾನು ಹೂಂ ಅನ್ನಲಿಲ್ಲ. ಬಗ್ಗಿ ಒಂದು ಕೆಂಪು ಅದಿರಿನ ಕಲ್ಲು ಎತ್ತಿಕೊಂಡೆ. ನಲ್ಲಿಯ ಹಿಂದಿನ ಗೋಡೆಯ ಮೇಲೆ, ಕೈ ಎಟುಕುವಷ್ಟು ಎತ್ತರಕ್ಕೆ, ಆರೂ ಅಕ್ಷರ ಬರೆದೆ.

"ಈಗ ಐತಿ. ನೋಡ್ರಿ."

ಚಾಚಿ ಎದ್ದು ಬಂದಳು. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು, ಇನ್ನೊಂದು ಕೈಯ ಗೆಣ್ಣುಗಳ ಮೇಲೆ ಎಣಿಸಿದಳು. ಅವಳ ಬೆರಳ ತುದಿ ಕೆಂಪಾಯಿತು.

"ಇದು ಮೋಸ ಚಾಚಿ!" ಎಂದು ಮುಮ್ತಾಜ್ ಕೂಗಿದಳು.

"ಯಾಕ? ಸಡಾದಾಗ ಬರದೈತಿ. ನನ್ನ ಕಣ್ಣಿಗೆ ಕಾಣತೈತಿ." ನನ್ನ ಕೊಡವನ್ನು ತಾನೇ ನಲ್ಲಿಯ ಕೆಳಗೆ ಸರಿಸಿದಳು. "ಐತಿ. ತುಂಬಕೋ."

ಬಸ್ಸು ಸಿಕ್ಕಿತು. ಇಂಗ್ಲಿಷ್ ಪತ್ರಿಕೆಯನ್ನು ಕೆಂಪು ಕೈಯಲ್ಲೇ ಬರೆದೆ, ಪಾಸೂ ಆದೆ. ಗೋಡೆಯ ಮೇಲಿನ ಶಬ್ದ ಮಳೆಗಾಲದವರೆಗೆ ಉಳಿಯಿತು. ಸಂಜೆ ಚಾಚಿ ಅದರ ಮುಂದೆ ನಿಂತು "ಇದಕ್ಕ ಏನಂತಾರ?" ಎಂದು ಕೇಳುವಳು. ಮಳೆ ಬೀಳುವ ಹೊತ್ತಿಗೆ ಆರೂ ಅಕ್ಷರ ಅವಳಿಗೆ ಬಂದಿದ್ದವು. ಆಮೇಲೆ ಆ ಆರನ್ನು ಬಿಟ್ಟು ಬೇರೆ ಅಕ್ಷರವನ್ನೇ ಅವಳು ಕೊಡಲಿಲ್ಲ. ಮುಮ್ತಾಜ್ ನನ್ನನ್ನು ಬಹಳ ದಿನ ಬೈದಳು. ಈಗ ಚಾಚಿ ಇಲ್ಲ. ಇದನ್ನು ಬರೆಯುವಾಗ ಅವಳು ಇರಬೇಕಿತ್ತು ಅನ್ನಿಸುತ್ತದೆ.

ಮಗಳ ಕೈಯಿಂದ ಫೋನು ತೆಗೆದುಕೊಂಡು ಬೋರಲು ಹಾಕಿದೆ. "ಫೋನಿನ್ಯಾಗ ಬ್ಯಾಡ. ಮನ್ಯಾಗ ಹುಡುಕು. ನನಗ ತಂದು ತೋರಸು."

ನನಗೆ ತಲೆ ಕೆಟ್ಟಿದೆ ಎಂಬಂತೆ ನೋಡಿದಳು. ಆಮೇಲೆ ಎದ್ದು ಹೋದಳು. ಅಡುಗೆಮನೆಯಲ್ಲಿ ಡಬ್ಬಿಗಳೆಲ್ಲ ಸದ್ದು ಮಾಡಿದವು. ಬಹಳ ಹೊತ್ತಿನ ಮೇಲೆ ಗೋಧಿಹಿಟ್ಟಿನ ಚೀಲವನ್ನು ಅವುಚಿಕೊಂಡು ಓಡಿಬಂದಳು. "ಮಮ್ಮಿ, ವೀಟ್! ಇಲ್ಲೈತಿ ನೋಡು!"

ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಗೆಣ್ಣುಗಳ ಮೇಲೆ ಎಣಿಸಿದೆ. ಐದು. ಬೆರಳ ತುದಿಗೆ ಹಿಟ್ಟು ಹತ್ತಿತು.

"ಐತಿ," ಎಂದೆ. "ತುಂಬಕೋ."