ಏಲಕ್ಕಿ ಹದದ ಕೋಳಿಗೂಡು

ತಮಿಳು ಸೀಮೆಯ ಚಿನ್ನಮನೂರಿನಿಂದ ಬೆಟ್ಟದ ಕಡೆ ಹೋಗುವ ಮಿನಿಬಸ್ಸಿನಲ್ಲಿ ಕೂತು, ದ್ರಾಕ್ಷಿ ಚಪ್ಪರಗಳು ಮುಗಿಯುವಲ್ಲಿ ಇಳಿದು ‘ಪೆರಿಯಣ್ಣನ್ ಮನೆ ಯಾವುದು’ ಎಂದು ಕೇಳಿದರೆ, ‘ಯಾವ ಪೆರಿಯಣ್ಣನ್’ ಎಂದು ತಿರುಗಿ ಕೇಳುತ್ತಾರೆ. ‘ಸ್ಟೋರ್ ಪೆರಿಯಣ್ಣನ್’ ಎನ್ನಬೇಕು. ಹಾಗೆಂದ ಮಾತ್ರಕ್ಕೆ ಅಂಗಡಿಯವರೆಂದು ತಿಳಿಯಬಾರದು. ಬೋಡಿಮೆಟ್ಟಿನ ಘಟ್ಟದ ಮೇಲೆ, ಏಲಕ್ಕಿ ಎಸ್ಟೇಟಿನಲ್ಲಿ, ಹಸಿ ಕಾಯನ್ನು ತಟ್ಟೆಗಳಲ್ಲಿ ಹರಡಿ, ಕೆಳಗಿನ ಕೊಳವೆಗಳಲ್ಲಿ ಬಿಸಿ ಹರಿಸಿ, ಹಸಿರು ಬಣ್ಣ ಕೆಡದಂತೆ ಒಣಗಿಸುವ ಮನೆಗೆ ಸ್ಟೋರ್ ಎಂದು ಹೆಸರು. ಅಂಥ ಒಂದು ಸ್ಟೋರಿಗೆ ಪೆರಿಯಣ್ಣನ್ ನಲವತ್ತು ವರ್ಷ ಮೇಸ್ತ್ರಿಯಾಗಿದ್ದರು. ಅವರು ಅಪ್ಪಣೆ ಕೊಡದೆ ಅಲ್ಲಿ ಒಂದು ಕಿಟಕಿಯೂ ತೆರೆಯುತ್ತಿರಲಿಲ್ಲ. ಮುಚ್ಚಿದ ಬಾಗಿಲನ್ನು ನಡುವೆ ತೆಗೆದರೆ ಬಣ್ಣ ಹೋಯಿತೆಂದೇ ಅರ್ಥ. ಎಸ್ಟೇಟಿನ ಮಾಲೀಕನನ್ನೇ ಒಮ್ಮೆ ಬಾಗಿಲಲ್ಲಿ ನಿಲ್ಲಿಸಿ ವಾಪಸು ಕಳಿಸಿದ್ದಾಗಿ ಅವರು ಹೇಳುತ್ತಿದ್ದರು. ಮಾಲೀಕ ಅದನ್ನು ಎಲ್ಲೂ ಹೇಳಿದಂತಿಲ್ಲ.

ಆ ನಲವತ್ತು ವರ್ಷವೂ ಅವರು ತಿಂಗಳಿಗೊಮ್ಮೆ ಕೆಳಗಿಳಿದು ಬಂದು ಹೋಗುತ್ತಿದ್ದರು. ಹೆಂಡತಿ ರಾಜಮ್ಮಾಳ್ ನೆಂಟರನ್ನು ಕಂಡಂತೆ ಕಂಡು, ಬಿಸಿನೀರು ಕಾಯಿಸಿ, ಮೊಟ್ಟೆ ಹುರಿದು ಬಡಿಸಿ ಕಳಿಸುತ್ತಿದ್ದರು. ಕೆಲಸ ಮುಗಿಸಿ ಮನೆಗೇ ಬಂದುಬಿಟ್ಟ ಮೇಲೆ, ಬಂದ ನೆಂಟರು ಹೋಗದೆ ಉಳಿದಂತಾಯಿತು. ಮಗಳನ್ನು ಬೆಳೆಸಿ ದಿಂಡಿಗಲ್ಲಿಗೆ ಮದುವೆ ಮಾಡಿ ಕೊಟ್ಟದ್ದು, ಹೊಲ ಗುತ್ತಿಗೆಗೆ ಬಿಟ್ಟದ್ದು, ಹೆಂಚು ಬದಲಾಯಿಸಿದ್ದು, ಎಲ್ಲವೂ ಪೆರಿಯಣ್ಣನ್ ಇಲ್ಲದೆ ನಡೆದಿತ್ತು. ಅವರಿಗೆ ಮುಚ್ಚಲು ಒಂದು ಬಾಗಿಲೂ ಉಳಿದಿರಲಿಲ್ಲ. ಮೆಣಸಿನಕಾಯಿ ಒಣಹಾಕಿದರೆ ಪಕ್ಕದಲ್ಲಿ ನಿಂತು ಹದ ಹೇಳುತ್ತಿದ್ದರು. ರಾಜಮ್ಮಾಳ್ ತಲೆಯಾಡಿಸಿ, ತಮಗೆ ಬೇಕಾದಂತೆ ಒಣಗಿಸುತ್ತಿದ್ದರು.

ಹಿತ್ತಲಲ್ಲಿ ಕೋಳಿಗಳಿದ್ದವು. ಅವು ರಾಜಮ್ಮಾಳ ಸ್ವಂತ ರಾಜ್ಯ. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು ಎಂಬುದು ಆ ಬೀದಿಯ ಎಲ್ಲ ಮನೆಗಳ ಪದ್ಧತಿ. ದಿಂಡಿಗಲ್ಲಿನಿಂದ ಬಂದಾಗಲೆಲ್ಲ ಮಗಳ ಮಗಳು ತೇನ್‌ಮೊಳಿ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರಿಸುತ್ತಿದ್ದಳು. ರಾಜಮ್ಮಾಳ ಕನ್ನಡಕ್ಕೆ ಸರಿಯಾಗಿ ಓಗೊಡುತ್ತಿದ್ದವು ಕೋಳಿಗಳು ಮಾತ್ರ. ಅವುಗಳಿಗೆ ಇನ್ನೂ ಒಂದು ದೊಡ್ಡಸ್ತಿಕೆ ಇತ್ತು. ರಾಜಮ್ಮಾಳ ತಾಯಿಯ ಕಡೆ, ಮದುವೆಯಾಗಿ ಹೋಗುವ ಹೆಣ್ಣು ತವರಿನ ಹಿತ್ತಲಿನ ಒಂದು ಕೋಳಿಯನ್ನು ಬುಟ್ಟಿಯಲ್ಲಿ ಹೊತ್ತು ಗಂಡನ ಮನೆ ಹೊಗಬೇಕು. ಆಗತಾನೇ ಮೊಟ್ಟೆಗೆ ಬಂದ ಹೇಂಟೆಯಾಗಬೇಕು, ತಾಯಿಯ ಕೋಳಿಯ ಸಂತಾನವೇ ಆಗಬೇಕು. ರಾಜಮ್ಮಾಳೂ ಹಾಗೆಯೇ ಬಂದವರು. ಕಂಬಂನಲ್ಲಿದ್ದ ಅವರ ತಂಗಿಯ ಕೋಳಿಗಳು ಒಂದು ಮಳೆಗಾಲದಲ್ಲಿ ರೋಗ ಬಂದು ಹೋಗಿದ್ದವು. ಮಗಳು ದಿಂಡಿಗಲ್ಲಿಗೆ ಹೊತ್ತ ಕೋಳಿಗೆ ಬಾಡಿಗೆ ಮನೆಯ ಮಾಲೀಕ ಜಾಗ ಕೊಡಲಿಲ್ಲ. ಆ ತಳಿ ಉಳಿದಿದ್ದು ಈ ಹಿತ್ತಲಲ್ಲಿ ಮಾತ್ರ. ಹಾಗಾಗಿ ತೇನ್‌ಮೊಳಿಗೆ ಗಂಡು ನೋಡುವಾಗ ರಾಜಮ್ಮಾಳ್ ಹುಡುಗನ ಕೆಲಸ ಕೇಳುವ ಮೊದಲು ಹಿತ್ತಲು ಎಷ್ಟು ದೊಡ್ಡದೆಂದು ಕೇಳಿದ್ದರು. ಬೋಡಿನಾಯಕನೂರಿನ ಸಂಬಂಧ ಕುದುರಿದ್ದು ಅದರಿಂದಲೇ. ಮದುವೆ ಸಂಕ್ರಾಂತಿ ಕಳೆದು ತೈ ತಿಂಗಳಿಗೆ. ಬೂದಿ ಬಣ್ಣದ, ಕತ್ತಿನಲ್ಲಿ ಕಪ್ಪು ಚುಕ್ಕೆಯಿದ್ದ ಒಂದು ಎಳೆಯ ಹೇಂಟೆಯನ್ನು ಆರಿಸಿಯೂ ಆಗಿತ್ತು.

ಅದಕ್ಕೊಂದು ತಿಂಗಳು ಮೊದಲು ಮಾರ್ಗಳಿಯ ಚಳಿ ಹಿಡಿದಾಗ ಮಗಳಿಗೆ ಹೊಟ್ಟೆಯ ಆಪರೇಷನ್ ಎಂದು ಫೋನು ಬಂತು. ರಾಜಮ್ಮಾಳ್ ದಿಂಡಿಗಲ್ಲಿಗೆ ಹೊರಟರು. ಚೀಲ ಹೆಗಲಿಗೆ ಹಾಕಿಕೊಂಡ ಮೇಲೆ ಹಿತ್ತಲ ಬಾಗಿಲಲ್ಲಿ ನಿಂತು ಗಂಡನಿಗೆ ಹೇಳಿದರು:

“ಏನುಂಗ, ಇಲ್ಲಿ ಕೇಳಿ. ಬೆಳಿಗ್ಗೆ ಗೂಡು ತೆಗೀರಿ, ಸಾಯಂಕಾಲ ಮುಚ್ಚಿ. ಒಂದು ಹಿಡಿ ಕಂಬು ಹಾಕಿ, ನೀರಿಡಿ. ಬೇರೆ ಏನೂ ಮಾಡ್ಬ್ಯಾಡಿ.”

“ಏನೂ ಅಂದ್ರೆ?”

“ಏನೂ ಅಂದ್ರೆ ಏನೂ ವೇಂಡಾಂ.”

“ನಲ್ವತ್ತು ವರ್ಸ ಸ್ಟೋರ್ ನೋಡ್ದವ್ನಿಗೆ ನಾಕು ಕೋಳಿ ನೋಡಕ್ಕೆ ಬರಲ್ವಾ?”

“ಅದಕ್ಕೇ ನಂಗೆ ಹೆದ್ರಿಕೆ” ಎಂದು ರಾಜಮ್ಮಾಳ್ ಬಸ್ಸಿಗೆ ಹೋದರು.

ಮನುಷ್ಯನಿಗೆ ಬೆಟ್ಟ ಅಗೆ ಎಂದರೆ ಅಗೆದಾನು. ಸುಮ್ಮನಿರು ಎಂದರೆ, ಅದೂ ಮೇಸ್ತ್ರಿಯಾಗಿದ್ದವನಿಗೆ, ಸಾಧ್ಯವಾಗುವ ಕೆಲಸವಲ್ಲ. ಮರುದಿನವೇ ಪೆರಿಯಣ್ಣನ್ ಗೂಡನ್ನು ಸುತ್ತು ಹಾಕಿ ನೋಡಿದರು. ಮೂರು ಕಡೆ ತೆಂಗಿನ ಗರಿಯ ತಟ್ಟಿ. ಬೆಟ್ಟದ ಕಡೆ ಒಂದು ಗೋಣಿ ಪರದೆ, ಅದೂ ಮೊಣಕಾಲೆತ್ತರಕ್ಕೆ. ಹೆಂಚಿಗೂ ತಟ್ಟಿಗೂ ನಡುವೆ ಸುತ್ತಲೂ ಒಂದು ಗೇಣು ಖಾಲಿ. ಆ ಖಾಲಿ ಜಾಗದಲ್ಲಿ ಮಾರ್ಗಳಿಯ ಗಾಳಿ ಹಾಯಾಗಿ ಓಡಾಡಿಕೊಂಡಿತ್ತು. ಇಷ್ಟು ವರ್ಷ ಈ ಸಂದನ್ನು ಮುಚ್ಚದೆ ಬಿಟ್ಟ ಹೆಂಗಸು ತಾನು ಹೇಳಿದ ಮೆಣಸಿನಕಾಯಿಯ ಹದವನ್ನು ತಳ್ಳಿಹಾಕುತ್ತಿದ್ದಳಲ್ಲ ಎಂದು ಅವರಿಗೆ ಮರುಕವೇ ಆಯಿತು. ಚಳಿಗೆ ಕೋಳಿಗಳು ಮೊಟ್ಟೆಯಿಡುವುದನ್ನು ಕಡಿಮೆ ಮಾಡಿದ್ದವು. ಬೂದಿ ಹೇಂಟೆ ಇನ್ನೂ ಮೊದಲ ಮೊಟ್ಟೆಯನ್ನೇ ಇಟ್ಟಿರಲಿಲ್ಲ. ಮದುವೆಯ ಹೊತ್ತಿಗೆ ಅದು ಇಡಬೇಕು. ಇಡಿಸಿದವರು ಯಾರೆಂದು ಹತ್ತು ಜನಕ್ಕೆ ತಿಳಿಯಬೇಕು.

ಚಿನ್ನಮನೂರಿಗೆ ಹೋಗಿ ನೀಲಿ ಟಾರ್ಪಾಲು ತಂದರು. ನೆಲದಿಂದ ಹೆಂಚಿನ ತನಕ ಬಿಗಿದು, ಸಂದುಗಳಿಗೆ ಹಳೆ ಬಟ್ಟೆ ತುರುಕಿದರು. ಒಳಗೆ ಒಂದು ಬಲ್ಬು ಇಳಿಬಿಟ್ಟರು. ಬಾಗಿಲಿಗೆ ಬೀಗ. ಇಬ್ಬನಿ ಆರುವ ತನಕ ಕೋಳಿಗಳನ್ನು ಹೊರಬಿಡದಂತೆ ಕಟ್ಟುನಿಟ್ಟು. ಒಳಗೆ ಕೈಯಿಟ್ಟು ನೋಡಿದಾಗ ಬೆಚ್ಚಗಿನ ಗಾಳಿ ಮುಖಕ್ಕೆ ಹೊಡೆಯಿತು. ಬೆಟ್ಟ ಇಳಿದ ಮೇಲೆ ಮೊದಲ ಸಲ ಪೆರಿಯಣ್ಣನಿಗೆ ತಮ್ಮ ಮನೆಗೆ ಬಂದಂತೆ ಅನಿಸಿತು.

ಟೀ ಅಂಗಡಿಯ ಕಣ್ಣನ್ ಅವರದೇ ಜನ, ವರಸೆಯಲ್ಲಿ ಅಳಿಯನಾಗಬೇಕು. ಗ್ಲಾಸು ತೊಳೆಯುತ್ತಲೇ ಕೇಳಿದ:

“ಏನು ಮೇಸ್ತ್ರಿ ಮಾಮಾ, ಕೋಳಿಗೂ ಸ್ಟೋರ್ ಕಟ್ಟಿದ್ದೀರಂತೆ?”

“ಕಟ್ಟಿದ್ದಲ್ಲ ಮಾಪ್ಳೆ, ಹದ ಮಾಡಿದ್ದು. ಮೈ ಬಿಸಿ ಮಾಡ್ಕೊಳ್ಳೋದ್ರಲ್ಲೇ ಕೋಳಿ ತಿಂದಿದ್ದೆಲ್ಲಾ ಹೋದ್ರೆ, ಮೊಟ್ಟೆಗೆ ಏನು ಉಳೀತದೆ?”

“ಹಂಗಾದ್ರೆ ಇನ್ಮೇಲೆ ನಿಮ್ ಮೊಟ್ಟೆ ಏಲಕ್ಕಿ ವಾಸ್ನೆ ಬರ್ತದಾ?”

“ನಗು, ನಗು. ತೈ ಬರ್ಲಿ.”

ಕೇಡಿನ ಸಂಗತಿಯೆಂದರೆ, ಮೊದಲ ವಾರ ಅವರ ಮಾತೇ ನಿಜವಾಯಿತು. ಬಲ್ಬಿನ ಬೆಳಕಿಗೋ ಬಿಸುಪಿಗೋ, ಕಡಿಮೆಯಾಗಿದ್ದ ಮೊಟ್ಟೆ ಮತ್ತೆ ಹೆಚ್ಚಾಯಿತು. ಒಂದು ಬೆಳಿಗ್ಗೆ ಬೂದಿ ಹೇಂಟೆಯೂ ಗೋಲಿಯಂಥ ಪುಟ್ಟ ಮೊಟ್ಟೆ ಇಟ್ಟಿತು. ಪೆರಿಯಣ್ಣನ್ ಅದನ್ನು ಅಂಗೈಯಲ್ಲಿಟ್ಟುಕೊಂಡು ಟೀ ಅಂಗಡಿಯ ತನಕ ನಡೆದುಹೋದರು. ಕೂತವರೆಲ್ಲ ಎದ್ದು ಬಂದು ನೋಡಲಿ ಎಂದು ಬಾಗಿಲಲ್ಲೇ ನಿಂತರು. ಯಾರೂ ಏಳಲಿಲ್ಲವಾದ್ದರಿಂದ ತಾವೇ ಒಳಗೆ ಹೋಗಿ ಒಬ್ಬೊಬ್ಬರಿಗೂ ತೋರಿಸಿದರು.

ಫೋನಿನಲ್ಲಿ ರಾಜಮ್ಮಾಳ್ ಕೇಳಿದರು, “ಗೂಡು ಒಣಗೈತಾ?”

“ಎಲ್ಲಾ ಹದವಾಗೈತೆ.”

ಹದ ಎಂಬ ಮಾತು ಕಿವಿಗೆ ಬಿದ್ದದ್ದೇ ರಾಜಮ್ಮಾಳ್, “ಏನೂ ಮಾಡ್ಲಿಲ್ಲ ತಾನೆ?” ಎಂದರು.

“ನಾನೇನ್ ಮಾಡ್ತೀನಿ” ಎಂದರು ಪೆರಿಯಣ್ಣನ್. ಮೊಟ್ಟೆಯ ಸುದ್ದಿ ಬಾಯಿ ತನಕ ಬಂದಿತ್ತು; ಆಕೆ ಬಂದಾಗ ಎದುರಿಗೇ ಹೇಳೋಣವೆಂದು ನುಂಗಿಕೊಂಡರು.

ಆಮೇಲೆ ಮುಂಜಾನೆ ಟಾರ್ಪಾಲಿನ ಒಳಮೈಯಲ್ಲಿ ನೀರು ಹನಿಗಟ್ಟಿ ಇಳಿಯತೊಡಗಿತು. ನೆಲಕ್ಕೆ ಹಾಸಿದ್ದ ಕಡಲೆಕಾಯಿ ಸಿಪ್ಪೆ ಒದ್ದೆಯಾಗಿ ರೊಟ್ಟಿಯಂತೆ ಹತ್ತಿಕೊಂಡಿತು. ಬೀಗ ತೆಗೆದರೆ ಕಣ್ಣು ಉರಿಯುವಂಥ ನಾತ. ಒಂದು ಕೋಳಿ ಕತ್ತು ಚಾಚಿ, ಬಾಯಿ ತೆರೆದು, ಗೊರಗೊರ ಎಂದು ಉಸಿರೆಳೆಯಿತು. ಮತ್ತೊಂದರ ಕಣ್ಣಲ್ಲಿ ನೊರೆ. ಪೆರಿಯಣ್ಣನ್ ನೋಡಿ, ಚಳಿ ಎಲ್ಲಿಂದಲೋ ನುಸುಳುತ್ತಿದೆ ಎಂದು ತೀರ್ಮಾನಿಸಿದರು. ಇನ್ನೊಂದು ಟಾರ್ಪಾಲು ತಂದು ಮೇಲೆ ಬಿಗಿದರು. ಎಲ್ಲಕ್ಕಿಂತ ಹಳೆಯ ಹೇಂಟೆ, ಹಿತ್ತಲಿನ ಅರ್ಧ ಕೋಳಿಗಳಿಗೆ ತಾಯಿಯಾಗಿದ್ದದ್ದು, ಬಲ್ಬಿನ ಕೆಳಗೆ ರೆಕ್ಕೆ ಹರಡಿ ಸತ್ತಿತ್ತು. ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದರು. ಹುಂಜ ಸತ್ತಾಗ ಹಾಕಲು ಬೇರೆ ಲೆಕ್ಕ ಉಳಿಯಲಿಲ್ಲ.

ಬೂದಿ ಹೇಂಟೆಯನ್ನು ಚೀಲದಲ್ಲಿಟ್ಟುಕೊಂಡು ದನದ ಆಸ್ಪತ್ರೆಗೆ ಓಡಿದರು. ಡಾಕ್ಟರು ಇಂದುಜಾ ಎಂಬ ಹುಡುಗಿ. ಕೋಳಿಯ ಬಾಯಿ ಬಿಡಿಸಿ ನೋಡಿ, ಗೂಡಿಗೆ ಗಾಳಿ ಯಾವ ಕಡೆಯಿಂದ ಬರುತ್ತದೆ ಎಂದು ತಮಿಳಿನಲ್ಲಿ ಕೇಳಿದಳು.

“ಎಲ್ಲಿಂದಲೂ ಬರಲ್ಲಮ್ಮಾ” ಎಂದರು ಪೆರಿಯಣ್ಣನ್, ತಮಿಳಿನಲ್ಲೇ, ಎದೆ ಸ್ವಲ್ಪ ಮುಂದೆ ಮಾಡಿ.

ಡಾಕ್ಟರು ಕೋಳಿಯನ್ನು ಬಿಟ್ಟು ಅವರನ್ನೇ ನೋಡಿದಳು. ಚಳಿ ತಡೆಯಲು ಕೋಳಿಗೆ ಪುಕ್ಕವಿದೆ. ತೇವಕ್ಕೂ ಹಿಕ್ಕೆಯ ಹಬೆಗೂ ಅದರ ಬಳಿ ಏನೂ ಇಲ್ಲ. ಇವತ್ತೇ ಎಲ್ಲ ಬಿಚ್ಚಿಹಾಕಿ, ಒಣ ಹಾಸು ಹಾಕಿ ಎಂದಳು. ನೀರಿಗೆ ಬೆರೆಸಲು ಔಷಧಿ ಕೊಟ್ಟಳು. ಬದುಕುತ್ತವೆ ಎಂದು ಮಾತ್ರ ಹೇಳಲಿಲ್ಲ.

ಟಾರ್ಪಾಲು ಬಿಚ್ಚಿದ ಮೇಲೂ ಒಂದೊಂದಾಗಿ ಹೋದವು. ಪೆರಿಯಣ್ಣನ್ ಟೀ ಅಂಗಡಿಯ ದಾರಿ ಬಿಟ್ಟು ಕಾಲುವೆಯ ಏರಿ ಸುತ್ತಿ ಓಡಾಡತೊಡಗಿದರು. ರಾಜಮ್ಮಾಳ್ ಫೋನು ಮಾಡಿದಾಗ ‘ಹೂಂ’ ಎಂದರು, ‘ಚೆನ್ನಾಗವೆ’ ಎಂದರು. ಒಂದು ಸಲ “ಕಂಬು ಮುಗೀತಾ, ಇನ್ನೂ ಐತಾ?” ಎಂದಾಗ, “ಬೇಕಾದಷ್ಟು ಐತೆ” ಎಂದರು. ಆ ಮಾತೊಂದೇ ನಿಜ. ಡಬ್ಬದ ಸಜ್ಜೆ ತಿನ್ನುವವರಿರಲಿಲ್ಲ.

ರಾಜಮ್ಮಾಳ್ ಬಂದವರು ಚೀಲ ಕೆಳಗಿಡದೆ ನೇರ ಹಿತ್ತಲಿಗೆ ನಡೆದರು. ಕರೆದರು. ಯಾವುದೂ ಓಡಿಬರಲಿಲ್ಲ. ಒಲೆಯ ಪಕ್ಕದ ಬುಟ್ಟಿಯಲ್ಲಿ, ಪೆರಿಯಣ್ಣನ್ ಎಸ್ಟೇಟಿನಲ್ಲಿ ತೊಡುತ್ತಿದ್ದ ಉಣ್ಣೆ ಸ್ವೆಟರಿನೊಳಗಿಂದ ಬೂದಿ ಹೇಂಟೆ ತಲೆ ಮಾತ್ರ ಹೊರಗೆ ಹಾಕಿತ್ತು. ಅದರ ಗಂಟಲಲ್ಲಿ ಗೊರಗೊರ ನಿಂತಿರಲಿಲ್ಲ.

“ಮಿಕ್ಕಿದ್ದು?”

“ಇದೊಂದೇ.”

ರಾಜಮ್ಮಾಳ್ ಮಡಿಸಿಟ್ಟ ಟಾರ್ಪಾಲುಗಳನ್ನು ನೋಡಿದರು, ತೂಗಾಡುವ ಬಲ್ಬನ್ನು ನೋಡಿದರು. ಕೂಗಾಡುವರೆಂದು ಪೆರಿಯಣ್ಣನ್ ಕಾದರು. ಕೂಗಾಡಿದರೆ ಉತ್ತರಕ್ಕೆ ಒಂದೆರಡು ಮಾತು ಜೋಡಿಸಿಟ್ಟುಕೊಂಡಿದ್ದರು.

“ಮದುವೆ ಆದ ಹೊಸದ್ರಲ್ಲಿ ನೀವು ನಂಗೆ ಸ್ಟೋರ್ ತೋರಿಸಿದ್ರಿ, ಞಾಪಕ ಐತಾ?” ಎಂದರು ರಾಜಮ್ಮಾಳ್, ಮೆಲ್ಲಗೆ. “ಹಸಿ ಕಾಯಿ ಮೊದ್ಲು ಬೆವರ್ತದೆ, ಆ ಬೆವರು ಹೋಗೋಗಂಟ ಮೇಲಿನ ಕಿಟಕಿ ತೆಗೆದಿರಬೇಕು, ಇಲ್ಲಾಂದ್ರೆ ಪೂರಾ ಕೊಳೀತದೆ ಅಂದ್ರಿ.”

“ಅಂದಿದ್ದೆ.”

“ಏಲಕ್ಕಿ ಆಮೇಲೆ ಒಣಗ್ತದೆ. ಕೋಳಿ ಒಣಗೋದೇ ಇಲ್ಲವಲ್ಲ. ಅದು ದಿನಾ ಹಸಿ.”

ಪೆರಿಯಣ್ಣನ್ ಹೋಗಿ ತೂಗಾಡುತ್ತಿದ್ದ ಬಲ್ಬನ್ನು ಬಿಚ್ಚಿ ಕೆಳಗಿಟ್ಟರು.

ಹೇಂಟೆ ಸಾಯಲಿಲ್ಲ, ಚೇತರಿಸಿಕೊಳ್ಳಲೂ ಇಲ್ಲ. ಮತ್ತೊಂದು ಮೊಟ್ಟೆ ಇಡಲಿಲ್ಲ. ರೋಗದ ಕೋಳಿಯನ್ನು ಇನ್ನೊಬ್ಬರ ಹಿತ್ತಲಿಗೆ ಕಳಿಸುವುದಿಲ್ಲ ಎಂದು ರಾಜಮ್ಮಾಳ್ ಹೇಳಿಬಿಟ್ಟರು. ಮದುವೆಗೆ ಮೊದಲಿನ ಸಂತೆಯ ದಿನ ಪೆರಿಯಣ್ಣನ್ ಚಿನ್ನಮನೂರಿನಿಂದ ಬೂದಿ ಬಣ್ಣದ ಒಂದು ನಾಟಿ ಹೇಂಟೆ ಹಿಡಿದು ತಂದರು. ಕತ್ತಿನಲ್ಲಿ ಕಪ್ಪು ಚುಕ್ಕೆ ಕೂಡ ಇತ್ತು.

“ನೋಡು, ಅದೇ ಬಣ್ಣ. ಯಾರಿಗ್ ಗೊತ್ತಾಗ್ತದೆ?”

ರಾಜಮ್ಮಾಳ್ ಅದನ್ನು ಎತ್ತಿ ತೂಕ ನೋಡಿದರು, ರೆಕ್ಕೆ ಬಿಡಿಸಿ ನೋಡಿದರು. “ಯಾರಿಗೂ ಗೊತ್ತಾಗಲ್ಲ. ಒಳ್ಳೆ ಕೋಳಿ” ಎಂದರು. “ಕೊಳಂಬು ಸಾರಿಗೆ ಆಗ್ತದೆ.”

ತೇನ್‌ಮೊಳಿ ಅರಿಸಿನದ ಕೊಂಬು, ತೆಂಗಿನಕಾಯಿ ತುಂಬಿದ ಬುಟ್ಟಿ ಹೊತ್ತು ಅಜ್ಜಿಯ ಮನೆಯಿಂದಲೇ ಬೋಡಿನಾಯಕನೂರಿಗೆ ಹೋದಳು. ವ್ಯಾನು ಹತ್ತುವ ಮೊದಲು ತಾತನ ಕೈ ಹಿಡಿದು “ಪರವಾಯಿಲ್ಲೆ ತಾತಾ” ಎಂದಳು. ಅಷ್ಟು ಹೇಳದಿದ್ದರೆ ಪೆರಿಯಣ್ಣನ್ ಹೇಗೋ ನಿಭಾಯಿಸುತ್ತಿದ್ದರು. ಅದನ್ನು ಕೇಳಿದ ಮೇಲೆ ಊಟದ ಪಂಕ್ತಿಗೆ ಅವರು ಬರಲಿಲ್ಲ. ನೆಂಟರು ಮೇಸ್ತ್ರಿಯ ಗತ್ತು ಎಂದುಕೊಂಡರು. ಗಂಡಿನ ಮನೆಯ ಹಿತ್ತಲು ನಿಜಕ್ಕೂ ದೊಡ್ಡದಾಗಿತ್ತು, ಬೇವಿನ ನೆರಳಿತ್ತು, ಬಾವಿಕಟ್ಟೆಯ ಹತ್ತಿರ ಗೂಡಿಗೆಂದೇ ಬೀಗರು ಜಾಗ ಬಿಟ್ಟಿದ್ದರು ಎಂದು ನೋಡಿಬಂದವರು ಹೇಳಿದರು. ರಾಜಮ್ಮಾಳ್ ಕೇಳಿಸಿಕೊಂಡರು.

ತೈ ಕಳೆದು ಮಾಸಿಯ ಬಿಸಿಲು ಏರುವ ಮೊದಲು ಸ್ವೆಟರಿನ ಹೇಂಟೆಯೂ ಹೋಯಿತು. ಹೊಸ ಕೋಳಿ ತರುವ ಮಾತನ್ನು ರಾಜಮ್ಮಾಳ್ ಎತ್ತಲಿಲ್ಲ. ಅದನ್ನು ಎತ್ತುವ ಧೈರ್ಯ ಪೆರಿಯಣ್ಣನಿಗೆ ಇರಲಿಲ್ಲ.

ಬೆಳಿಗ್ಗೆ ಎದ್ದು ಅವರು ಗೂಡಿನ ಬಾಗಿಲು ತೆಗೆಯುತ್ತಾರೆ. ಹೆಂಚಿನ ಕೆಳಗಿನ ಆ ಒಂದು ಗೇಣು ಸಂದಿನಲ್ಲಿ ಜೇಡ ಬಲೆ ಕಟ್ಟಿದ್ದರೆ ಕಡ್ಡಿಯಿಂದ ಬಿಡಿಸುತ್ತಾರೆ. ಸಾಯಂಕಾಲ ಬಾಗಿಲು ಮುಚ್ಚುತ್ತಾರೆ. ಒಂದು ದಿನ ಟೀಯ ಹಳೆ ಬಾಕಿ ಕೇಳಲು ಬಂದ ಕಣ್ಣನ್ ನೋಡಿ, “ಒಳಗೆ ಏನೈತೆ ಮಾಮಾ?” ಎಂದ.

“ಏನಿಲ್ಲ.”

“ಮತ್ತೆ ಯಾಕೆ?”

“ಬೆಳಿಗ್ಗೆ ತೆಗೀಬೇಕು, ಸಾಯಂಕಾಲ ಮುಚ್ಚಬೇಕು” ಎಂದರು ಪೆರಿಯಣ್ಣನ್. “ಬೇರೆ ಏನೂ ಮಾಡ್ಬ್ಯಾಡಿ ಅಂತ ಹೇಳಿ ಹೋಗಿದ್ಲು.”

ಕಣ್ಣನ್ ನಗಲು ಹೊರಟು, ಅಡುಗೆಮನೆಯ ಕಿಟಕಿಯಲ್ಲಿ ರಾಜಮ್ಮಾಳ್ ನಿಂತಿರುವುದನ್ನು ಕಂಡು ಲೆಕ್ಕದ ಚೀಟಿ ತೆಗೆದ. ಆಕೆ ಮೊರದಲ್ಲಿ ಕೇರುತ್ತಿದ್ದರು. ಕೇರಿ ಮುಗಿದ ಸಜ್ಜೆಯ ನುಚ್ಚನ್ನು ಒಂದು ಹಿಡಿ, ಅಭ್ಯಾಸ ಬಲದಿಂದ, ಕಿಟಕಿಯ ಹೊರಗೆ ಎರಚಿದರು. ಅದು ಅಂಗಳದಲ್ಲಿ ಬಿದ್ದಲ್ಲೇ ಬಿದ್ದಿತ್ತು.