ತುಟಿ ನೋಡುತ್ತಿದ್ದ ಸಿದ್ದರಾಜಣ್ಣ

ಸಿದ್ದರಾಜಣ್ಣ ಎದುರಿಗಿದ್ದವರ ಕಣ್ಣು ನೋಡಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಅವರ ನೋಟವೆಲ್ಲ ತುಟಿಯ ಮೇಲೆ. ನೀವು ಬಾಯಿ ತೆರೆದ ಕೂಡಲೇ ಕತ್ತನ್ನು ಒಂದಿಷ್ಟು ವಾಲಿಸಿ, ಒಲೆಯ ಮೇಲಿನ ಹಾಲನ್ನು ಕಾಯುವವರ ಹಾಗೆ ನಿಮ್ಮ ಬಾಯನ್ನೇ ಕಾಯುತ್ತಿದ್ದರು. ನಮ್ಮ ಗುಂಪಿನ ವಿದ್ಯಾಗಂತೂ ಮೊದಲ ದಿನವೇ ಮೈ ಉರಿದುಹೋಗಿತ್ತು. ಆಮೇಲೆ, ಪಾಪ, ಕಿವಿ ಮಂದ ಇರಬೇಕು ಅಂತ ನಾವೇ ತೀರ್ಮಾನ ಮಾಡಿಕೊಂಡು, ಗಂಟಲು ಹರಿಯುವ ಹಾಗೆ ಕೂಗಿ ಮಾತಾಡತೊಡಗಿದೆವು. ಪಾರ್ಕಿಗೆ ವಾಕಿಂಗ್ ಬಂದವರು ನಿಂತು ನೋಡಿ ಹೋಗುತ್ತಿದ್ದರು. ಸಿದ್ದರಾಜಣ್ಣನವರ ಕಿವಿಯೋ, ನನ್ನ ಕಿವಿಗಿಂತ ಚುರುಕು. ತಿಂಗಳುಗಟ್ಟಲೆ ನಾವು ಕಿರುಚಿದರೂ ‘ನನಗೆ ಕೇಳಿಸುತ್ತೆ’ ಅಂತ ಒಂದು ಮಾತು ಹೇಳಲಿಲ್ಲ ಆ ಮನುಷ್ಯ. ನನಗೆ ಆಗಲೇ ಬುದ್ಧಿ ಬರಬೇಕಾಗಿತ್ತು.

ನಾವು ಅಂದರೆ ನಾಲ್ಕು ಜನ. ಬನ್ನಿಮಂಟಪದಲ್ಲಿ ಟೈರ್ ಅಂಗಡಿ ಇಟ್ಟಿದ್ದ ಇರ್ಫಾನ್, ಬ್ಯಾಂಕಿನ ವಿದ್ಯಾ, ಲ್ಯಾಬಿನಲ್ಲಿ ಕಂಡವರ ರಕ್ತ ತೆಗೆದುಕೊಂಡು ಬದುಕುವ ಭಾಗ್ಯ ಅಂದರೆ ನಾನು, ಮತ್ತೆ ಇವರು, ಕನ್ನಡ ಮೇಷ್ಟ್ರಾಗಿ ನಿವೃತ್ತರಾದ ಸಿದ್ದರಾಜಣ್ಣ. ಮೂಲ ಇಲವಾಲದ ಕಡೆ, ಮನೆ ಯಾದವಗಿರಿ. ನಮ್ಮನ್ನು ಸೇರಿಸಿದ್ದು ಒಂದು ಸೂಪರ್‌ಹೀರೋ ಧಾರಾವಾಹಿ. ಹೊರದೇಶದ್ದು, ಕನ್ನಡಕ್ಕೆ ಡಬ್ ಆಗಿ ಶುಕ್ರವಾರಕ್ಕೊಂದು ಕಂತು ಬರುತ್ತಿತ್ತು. ಭಾನುವಾರ ಬೆಳಿಗ್ಗೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ಆ ಕಂತನ್ನು ಜಾಲಾಡುವುದು ನಮ್ಮ ಪದ್ಧತಿ. ನಲವತ್ತರ ಹತ್ತಿರದ ಹೆಂಗಸಿಗೆ ಇದೆಂಥ ಹುಚ್ಚು ಅಂದವರುಂಟು. ಅನ್ನಲಿ.

ಕತೆ ಹೀಗೆ. ಬೂದಿ ಬಣ್ಣದ ಕೋಟು ಹಾಕಿಕೊಂಡ ಒಬ್ಬ ನಾಯಕ. ಕಬ್ಬಿಣವನ್ನು ಚಕ್ಕುಲಿಯ ಹಾಗೆ ಮುರಿಯುತ್ತಾನೆ. ಅವನಿಗೊಬ್ಬಳು ತಂಗಿ, ನೋರಾ. ಎರಡನೆಯ ಸೀಸನ್ನಿನ ಕೊನೆಯಲ್ಲಿ ನೋರಾ ಸತ್ತಳು, ಮಣ್ಣೂ ಆಯಿತು. ಮೂರನೆಯ ಸೀಸನ್ ಶುರುವಾದರೆ ಏನೂ ಆಗದವಳ ಹಾಗೆ ಅಡುಗೆಮನೆಯಲ್ಲಿ ನಿಂತು ಅಣ್ಣನಿಗೆ ಟೀ ಮಾಡುತ್ತಿದ್ದಾಳೆ. ಗೋಡೆಯ ಗಡಿಯಾರದ ಮುಳ್ಳು ಸರಿಯುವುದಿಲ್ಲ, ಮಳೆಯಲ್ಲಿ ಬಂದವರ ಬಟ್ಟೆ ಒದ್ದೆಯಾಗುವುದಿಲ್ಲ. ಹಾಗಾದರೆ ಇದು ವರ್ಚುವಲ್ ರಿಯಾಲಿಟಿಯೇ? ಸಿದ್ದರಾಜಣ್ಣ ಅದಕ್ಕೆ ‘ಕನ್ನಡಕದ ಲೋಕ’ ಅಂತ ಹೆಸರಿಟ್ಟಿದ್ದರು. ಕಣ್ಣಿಗೆ ಕನ್ನಡಕ ಕಟ್ಟಿಕೊಂಡರೆ ಇಲ್ಲದ್ದೆಲ್ಲ ಇರುವಂತೆ ಕಾಣುತ್ತದಲ್ಲ, ಅದು. ಆದರೆ ಯಾವುದು ಕನ್ನಡಕದೊಳಗಿನದು? ಟೀ ಮಾಡುತ್ತಿರುವ ನೋರಾನೇ ಸುಳ್ಳು ಅಂತ ಇರ್ಫಾನ್. ಸತ್ತದ್ದೇ ಸುಳ್ಳು, ವೈರಿಗಳು ಕನ್ನಡಕ ಕಟ್ಟಿ ಅವನಿಗೆ ಆ ಸಾವನ್ನು ತೋರಿಸಿದ್ದರು ಅಂತ ನಾನು. ಒಂದು ಕಂತು ಬಿಡದೆ, ಒಂದು ಭಾನುವಾರ ಬಿಡದೆ, ನಾನು ಅದನ್ನೇ ವಾದಿಸಿದೆ.

ಸಿದ್ದರಾಜಣ್ಣ ಯಾವ ಪಕ್ಷವನ್ನೂ ಹಿಡಿಯುತ್ತಿರಲಿಲ್ಲ. “ಅಂಗೂ ಇರ್ಬೋದು ಕಣಮ್ಮ, ಇಂಗೂ ಇರ್ಬೋದು” ಅನ್ನುತ್ತಿದ್ದರು. ಇರ್ಫಾನ್ ಕೆಣಕುತ್ತಿದ್ದ: “ಮೇಷ್ಟ್ರೇ, ನೀವು ಯಾವ ಪಾರ್ಟಿ ಹೇಳ್ಬುಡಿ ಅತ್ಲಾಗೆ.” “ನಂದು ಟೀ ಪಾರ್ಟಿ ಕಣಪ್ಪ, ಏಳು, ಕುಡ್ಕಬರನ” ಅಂತ ಮಾತು ಹಾರಿಸಿಬಿಡುತ್ತಿದ್ದರು. ಟೀ ಅಂಗಡಿಯ ಮುಂದೆ ನಿಂತಾಗ ಸದ್ದಿಲ್ಲದೆ ಅವರ ತುಟಿ ಅಲ್ಲಾಡುತ್ತಿರುತ್ತಿತ್ತು. ಜಪ ಅಂದುಕೊಂಡಿದ್ದೆವು. ವಾರಕ್ಕೊಮ್ಮೆ ಬೆಂಗಳೂರಿಗೆ ರೈಲು ಹತ್ತುತ್ತಿದ್ದರು. ಯಾಕೆ ಅಂದರೆ ಪುಸ್ತಕದ ಪ್ರೂಫ್ ನೋಡುವ ಕೆಲಸ ಅನ್ನುತ್ತಿದ್ದರು. ಅದನ್ನೂ ನಂಬಿದ್ದೆವು. ನಂಬುವುದಕ್ಕೆ ನಾವೇನು ದುಡ್ಡು ಕೊಡಬೇಕಾಗಿತ್ತೇ?

ಒಂದು ಭಾನುವಾರ ಉಳಿದಿಬ್ಬರೂ ಬರಲಿಲ್ಲ. ಬೆಂಚಿನ ಮೇಲೆ ನಾವಿಬ್ಬರೇ. ನಾನು ಎಂದಿನಂತೆ ನೋರಾ ಬದುಕಿದ್ದಾಳೆ ಅಂತ ಶುರು ಮಾಡಿದೆ. ಅವರು ತಡೆದು ಕೇಳಿದರು: “ಅವ್ಳು ಬದುಕಿರ್ಲೇಬೇಕು ಅಂತ ನಿಂಗ್ಯಾಕಮ್ಮ ಇಷ್ಟ್ ಅಟ?”

ಯಾರಿಗೂ ಹೇಳದ್ದನ್ನು ಆವತ್ತು ಅವರಿಗೆ ಹೇಳಿದೆ. ನನಗೂ ಒಬ್ಬಳು ತಂಗಿ ಇದ್ದಳು, ಪುಟ್ಟಿ. ಡೆಂಗಿ ಜ್ವರ ಬಂದಿತ್ತು. ಅಮ್ಮ ಮದುವೆಗೆ ಅಂತ ಊರಿಗೆ ಹೋಗಿದ್ದಳು. ಜ್ವರ ಇಳಿದಿದೆ ಅಂತ ಡಾಕ್ಟರೇ ಅಂದಿದ್ದರಿಂದ ನಾನು ಡ್ಯೂಟಿಗೆ ಹೊರಟೆ. ಪುಟ್ಟಿ ಮಹಾ ಸೋಮಾರಿ. ಮಲಗಿದ್ದಲ್ಲಿಂದಲೇ ಅಂದಳು: “ಚಿಲ್ಕ ಹಾಕು ಅನ್ಬೇಡ ಅಕ್ಕ, ಬಾಗ್ಲು ಮುಂದಕ್ಕೆ ಮಾಡು. ನೀನ್ ಬಂದಾಗ ನಾನೆದ್ದು ಬರಕ್ಕಾಗಲ್ಲ.” ಮಧ್ಯಾಹ್ನ ಪಕ್ಕದ ಮನೆಯವರು ಅವಳನ್ನು ಆಸ್ಪತ್ರೆಗೆ ಸಾಗಿಸಿದರು, ನಾನು ಹೋಗಿ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಆ ಕೊನೆಯ ಮಾತನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ ಅಂದೆ. ಅವಳಿಗೆ ತಾಳಿಕೊಳ್ಳುವ ಶಕ್ತಿ ಬಂದ ದಿನ ನಾನೇ ಕೂರಿಸಿಕೊಂಡು ಹೇಳಬೇಕು, ಅದೊಂದು ನನ್ನ ಹತ್ತಿರ ಉಳಿದಿದೆ ಅಂದೆ. ಅವರು ಕೇಳಿದರು: “ಇನ್ನೊಂದ್ಸಲ ಹೇಳು, ಎಂಗಂದ್ಲು?” ನಾನು ಇನ್ನೊಮ್ಮೆ ಹೇಳಿದೆ. ಅವರ ಕಣ್ಣು ತುಂಬಿತ್ತು, ನಾನೇ ನೋಡಿದೆ. ಎಂಥ ತಾಯಿಕರುಳು ಈ ಮನುಷ್ಯನದು ಅಂದುಕೊಂಡು ಮನೆಗೆ ಬಂದೆ.

ಕೊನೆಯ ಕಂತನ್ನು ನಾನೂ ಅಮ್ಮನೂ ಶನಿವಾರ ಮಧ್ಯಾಹ್ನ ಊಟ ಮುಗಿಸಿ ನೋಡಿದೆವು. ಇರ್ಫಾನ್ ಹೇಳಿದ್ದೇ ನಿಜವಾಯಿತು. ತಂಗಿಯನ್ನು ಕಳೆದುಕೊಂಡದ್ದು ತಡೆಯಲಾರದೆ ನಾಯಕ ತಾನೇ ಕನ್ನಡಕ ಕಟ್ಟಿಕೊಂಡಿದ್ದ. ಈಗ ಅದನ್ನು ಬಿಚ್ಚಲೇಬೇಕು, ಊರು ಉಳಿಯಬೇಕಾದರೆ. ಅವನು ಹೊರಡುವ ಮುಂಚೆ ನೋರಾ ಅವನ ಕಡೆ ತಿರುಗಿ ಹೇಳಿದಳು: “ಚಿಲಕ ಹಾಕು ಅನ್ಬೇಡ ಅಣ್ಣ, ಬಾಗಿಲು ಮುಂದಕ್ಕೆ ಮಾಡು.” ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡಳು: “ನೀನು ಬಂದಾಗ ನಾನೆದ್ದು ಬರಕ್ಕಾಗಲ್ಲ.”

ನಾನು ಪರದೆಯ ಮೇಲಿನ ಬಾಗಿಲನ್ನೇ ನೋಡಿದೆ. ಆ ಬಾಗಿಲಿಗೆ ಚಿಲಕವೇ ಇರಲಿಲ್ಲ. ಹತ್ತಿರ ಹೋದರೆ ತಾನಾಗಿ ಸರಿಯುವ ಗಾಜಿನ ಬಾಗಿಲು ಅದು.

ಪಕ್ಕದಲ್ಲಿ ಅಮ್ಮ ಅಳುತ್ತಿದ್ದಳು, ಅಳುತ್ತಲೇ ನಗುತ್ತಿದ್ದಳು. “ನಮ್ ಪುಟ್ಟಿ ಇದ್ದಂಗೇ ಅವ್ಳೆ ಕಣೆ, ಅಂಗೇ ಸೋಮಾರಿ. ಇನ್ನೊಂದ್ಸಲ ಹಾಕು” ಅಂದಳು. ನಾನು ತಡೆಯಲಾರದೆ ಬಾಯಿಬಿಟ್ಟೆ: “ಅಮ್ಮ, ಅದು ಪುಟ್ಟೀದೇ ಮಾತು. ಆವತ್ತು ನಾನು ಹೊರಟಾಗ ಅವಳು ಹೇಳಿದ್ದು ಇದನ್ನೇ.” ಅಮ್ಮ ನನ್ನ ತಲೆ ಸವರಿದಳು. “ಇಷ್ಟ್ ವರ್ಷ ಇಲ್ದಿದ್ದು ಇವತ್ತು ಟೀವಿ ನೋಡುದ್ಮೇಲೆ ಜ್ಞಾಪಕ ಬಂತಾ? ಅಂಗನ್ನುಸ್ತದೆ ಬುಡವ್ವ. ನಂಗೂ ಅಂಗೇ ಅನ್ನುಸ್ತು.” ಎಷ್ಟು ಹೇಳಿದರೂ ಅವಳ ಮುಖದಲ್ಲಿ ಅದೇ ಕನಿಕರ. ನನ್ನ ಹತ್ತಿರ ಉಳಿದಿದ್ದ ಒಂದೇ ಒಂದು ಮಾತು, ಅದೂ ಹೋಯಿತು.

ಮಾರನೆಯ ದಿನ ಪಾರ್ಕಿಗೆ ಹೋಗದೆ ನೇರ ಅವರ ಮನೆಗೇ ಹೋದೆ. ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು. ನನ್ನ ಮುಖ ಕಂಡದ್ದೇ ಪೇಪರ್ ಮಡಚಿದರು. ನಿಮಗೊಬ್ಬರಿಗೇ ಹೇಳಿದ ಮಾತು ಟೀವಿಗೆ ಹೇಗೆ ಹೋಯಿತು ಅಂತ ಕೇಳಿದೆ. ಡಬ್ಬಿಂಗಿಗೆ ಕನ್ನಡ ಮಾತು ಬರೆಯುವವರು ತಾವೇ ಅಂತ ಒಪ್ಪಿಕೊಂಡರು. ಯಾರಿಗೂ ಹೇಳಬಾರದು ಅಂತ ಸಹಿ ಹಾಕಿಸಿಕೊಂಡಿದ್ದಾರಂತೆ. ಪರದೆಯ ಮೇಲೂ ಹೆಸರು ಬರುವುದಿಲ್ಲವಂತೆ. ಮೂರನೆಯ ಸೀಸನ್ ಪೂರ್ತಿ ಅವರ ಕೈಗೆ ಮೊದಲೇ ಬಂದಿತ್ತು. ಅಂದರೆ ನಾನು ಬೆಂಚಿನ ಮೇಲೆ ಕೂತು ನೋರಾಳನ್ನು ಬದುಕಿಸುತ್ತಿದ್ದಾಗಲೆಲ್ಲ ಅವಳು ಬದುಕುವುದಿಲ್ಲ ಅಂತ ಅವರಿಗೆ ಗೊತ್ತಿತ್ತು.

“ಅದು ಹಾಳಾಗಲಿ” ಅಂದೆ. “ಪುಟ್ಟಿ ಮಾತು ಯಾಕೆ ತಗೊಂಡ್ರಿ?”

“ಬೇರೇನ್ ಬರುದ್ರೂ ಆ ಬಾಯ್ಗೆ ಕೂರ್ಲಿಲ್ಲ ಕಣಮ್ಮ” ಅಂದರು. “ಪ, ಬ, ಮ ಬಂದಾಗ ತುಟಿ ಮುಚ್ಬೇಕು. ಆ ಹುಡುಗಿ ನಾಕು ಸಲ ಮುಚ್ತಾಳೆ. ಬೇಡ, ಬಾಗ್ಲು, ಮುಂದಕ್ಕೆ, ಮಾಡು. ಹೊಲ್ಸಿದಂಗೆ ಕೂತ್ಕತ್ತು.”

“ಆಮೇಲಿನ ಮಾತು? ಅವಳು ಆ ಕಡೆ ತಿರುಗಿದ್ದಳು. ಮುಖವೇ ಕಾಣಿಸಲ್ಲ. ಏನು ಬೇಕಾದರೂ ಬರೀಬಹುದಿತ್ತಲ್ಲ?”

ಅವರು ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿಕೊಂಡರು. ನನಗೆ ಅಲ್ಲೇ ಜಗಳ ತೆಗೆಯುವಷ್ಟು ಕೋಪವಿತ್ತು. ಆದರೂ ನುಂಗಿಕೊಂಡೆ, ಯಾಕೆಂದರೆ ಅವರಿಂದ ಒಂದು ಕೆಲಸ ಆಗಬೇಕಿತ್ತು. “ನಮ್ಮನೆಗೆ ಬನ್ನಿ. ಆ ಮಾತು ಭಾಗ್ಯ ಹೇಳಿದ್ದು, ಅವಳ ತಂಗೀದು ಅಂತ ನಮ್ಮಮ್ಮನ ಎದುರಿಗೆ ಒಂದು ಸಲ ಹೇಳಿ. ಇನ್ನೇನೂ ಬೇಡ” ಅಂದೆ. “ಆಯ್ತು ಕಣಮ್ಮ, ನಿನ್ನಾಣೆ, ಬತ್ತೀನಿ” ಅಂದರು.

ಬಂದರು. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ಕೈಯಲ್ಲಿ ಬಾಳೆಹಣ್ಣು, ಒಂದು ಮೊಳ ಮಲ್ಲಿಗೆ ಹಿಡಿದುಕೊಂಡು ಬಂದರು. ಅಮ್ಮನಿಗೆ ನಾನು, ಧಾರಾವಾಹಿಯ ಕನ್ನಡ ಮಾತುಗಳನ್ನು ಬರೆಯುವವರು ಇವರೇ ಅಂತ ಪರಿಚಯ ಮಾಡಿಸಿದೆ. ಅಮ್ಮ ಕೈಮುಗಿದುಬಿಟ್ಟಳು. “ಎಂಥಾ ಮಾತು ಬರ್ದಿದ್ದೀರಿ ಸ್ವಾಮಿ. ಆ ಬಾಗ್ಲು ಮಾತಿಗೆ ನನ್ ಕಳ್ಳೇ ಕಿತ್ಬಂದಂಗಾಯ್ತು. ದಿನಾ ಹಾಕುಸ್ಕೊಂಡು ನೋಡ್ತೀನಿ” ಅಂದಳು. ಸಿದ್ದರಾಜಣ್ಣ ತಲೆ ತಗ್ಗಿಸಿದರು. ಎಷ್ಟೋ ವರ್ಷದಿಂದ ಹೆಸರಿಲ್ಲದೆ ಬರೆಯುತ್ತ ಬಂದ ಮನುಷ್ಯ. ಹೀಗೆ ಎದುರಿಗೆ ನಿಂತು ಕೈಮುಗಿದವರು ಅವರಿಗೆ ಅದೇ ಮೊದಲಿರಬೇಕು. ಕಿವಿಯವರೆಗೆ ಮುಖ ಕೆಂಪಾಗಿತ್ತು. ಅಮ್ಮ ಕೊಟ್ಟ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಹೇಳಿ ಸಿದ್ದರಾಜಣ್ಣ” ಅಂದೆ.

ಅಮ್ಮನೇ ಕೇಳಿದಳು: “ಆ ಮಾತು ನಿಮ್ದೇ ಅಲ್ವಾ ಸ್ವಾಮಿ?”

ಅವರು ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ಅಮ್ಮನ ಕಡೆ ತಿರುಗಿ, ಮೆಲ್ಲಗೆ, “ಊ ಕಣಕ್ಕ, ನಂದೇ” ಅಂದರು.

ಲೋಟ ಕೆಳಗಿಟ್ಟು, ಕೆಲಸವಿದೆ ಅಂತ ಹೊರಟರು. ಮತ್ತೆ ಅವರನ್ನು ನಾನು ನೋಡಲಿಲ್ಲ. ಪಾರ್ಕಿಗೆ ಹೋಗುವುದನ್ನೂ ಬಿಟ್ಟೆ. ಮಗಳ ಊರಿಗೆ ಹೋಗಿಬಿಟ್ಟರು ಅಂತ ಇರ್ಫಾನ್ ಒಮ್ಮೆ ಸಿಕ್ಕಾಗ ಹೇಳಿದ. ಎಲ್ಲಿಗಾದರೂ ಹೋಗಲಿ. ಆವತ್ತು ಅವರು ಗೇಟು ದಾಟುವವರೆಗೂ ಅಮ್ಮ ಹೊಸ್ತಿಲಲ್ಲೇ ನಿಂತಿದ್ದಳು. ಒಳಗೆ ಬಂದು, ತಂದಿದ್ದ ಮಲ್ಲಿಗೆಯನ್ನು ಪುಟ್ಟಿಯ ಫೋಟೋಕ್ಕೆ ಮುಡಿಸುತ್ತ, “ನೋಡ್ದಾ, ನಾನೇಳ್ಲಿಲ್ವಾ” ಅಂದಳು.